ಮೇಟ್

ಅಕ್ರಾದ ಸರ್ಕಲ್‌ನಿಂದ ಕಸೋವಾಕ್ಕೆ ನಾಲ್ಕನೇ ಟ್ರಿಪ್ಪು.
ಹದಿನೈದು ಜನಕ್ಕೆಂದು ಮಾಡಿದ ಸೀಟುಗಳಲ್ಲಿ ಇಪ್ಪತ್ತೊಂದು ಜನ,
ಎರಡು ಕ್ರೇಟು ಟೊಮ್ಯಾಟೊ, ಕಾಲು ಕಟ್ಟಿದ ಒಂದು ಕೋಳಿ,
ಬಾಗಿಲಿಗೆ ಜೋತುಬಿದ್ದ ನಾನು.
ನನ್ನ ಹೆಸರು ಎಕೋ. ಯಾರೂ ಹಾಗೆ ಕರೆಯುವುದಿಲ್ಲ.
ನಮ್ಮಲ್ಲಿ ಟ್ರೋಟ್ರೋ ಓಡಿಸುವವನು ಡ್ರೈವರು;
ಕೂಗಿ ಕೂಗಿ ಗಂಟಲು ಹರಿದುಕೊಂಡವನು,
ಚಿಲ್ಲರೆಗೆ ಬೈಸಿಕೊಳ್ಳುವವನು, ಮಳೆಗೆ ಮೊದಲು ನೆನೆಯುವವನು
ಮೇಟ್.
ಮೇಟ್, ನಿಲ್ಸು. ಮೇಟ್, ನನ್ನ ಬಾಕಿ ಎಲ್ಲಿ?

ಕನೇಶಿ ಮಾರ್ಕೆಟ್ಟಿನ ಹತ್ತಿರ ರೇಡಿಯೊ ಕೆಮ್ಮಿ ಹೇಳಿತು:
ಅಧ್ಯಕ್ಷ ಪದವಿಯ ಹುರಿಯಾಳು ಕೊನೆಗೂ ಬಾಯಿ ಬಿಟ್ಟಿದ್ದಾರೆ,
ಅವರ ರನ್ನಿಂಗ್ ಮೇಟ್...
ಇಡೀ ಗಾಡಿ ನನ್ನ ಕಡೆ ತಿರುಗಿ ನಕ್ಕಿತು.
"ನಿನ್ನನ್ನೇ ಆರಿಸಿದರೇನೋ! ಬಾಗಿಲು ಬಿಡು, ಕೋಟು ಹೊಲಿಸು"
ಅಂದ ಡ್ರೈವರು ತಾಂದೊ.
ನಗೆಯಲ್ಲಿ ಹೆಸರು ಮುಳುಗಿತು.
ಎರಡನೇ ಸಲ ತೇಲಿತು:
ಲಾಮಿಸಿ ಅವಿನ್‌ಪೋಕಾ.

ಯಾರು?

ಆ "ಯಾರು" ಮುಂದಿನ ಸೀಟಿನಿಂದ ಹೊರಟು
ಹಿಂದಿನ ಸೀಟು ಮುಟ್ಟಿ
ಟಿಕೆಟ್ಟಿಲ್ಲದೆ ವಾಪಸ್ಸು ಬಂತು.

ಹೆಂಗಸಂತೆ. ಉತ್ತರದವಳಂತೆ. ದಾದಿಯರ ಕಾಲೇಜು ನಡೆಸಿದವಳಂತೆ.
ಕಪ್ಪು ಕೋಟಿನ ಪಾಸ್ಟರು ಬೈಬಲ್ಲಿನ ರಟ್ಟಿನ ಮೇಲೆ
ಬೆರಳಲ್ಲೇ ಲೆಕ್ಕ ಬರೆದರು:
ಉತ್ತರದ ಓಟು ಇಷ್ಟು, ಹೆಂಗಸರ ಓಟು ಇಷ್ಟು,
ಮೊತ್ತದ ಕೆಳಗೆ ಎರಡು ಗೆರೆ.
"ಹೆಂಗಸಾದರೆ ನನಗೇನು ಬಂತು,
ಕ್ರೇಟಿಗೆ ಬೆಲೆ ಎಷ್ಟು, ಕೇಳಿ ಅವಳನ್ನ"
ಅಂದಳು ಟೊಮ್ಯಾಟೊದ ಮಾಮಿ ಬೊಟ್ವೆ.
"ಉಪಾಧ್ಯಕ್ಷ ಅಂದರೆ ಸ್ಪೇರ್ ಟೈರು ಕಣ್ರೀ,
ಪಂಕ್ಚರಾಗುವವರೆಗೆ ಯಾರು ನೋಡ್ತಾರೆ?"
ತಾಂದೊ ಹಾರ್ನು ಒತ್ತಿ, "ನಮ್ಮ ಗಾಡಿಯಲ್ಲಿ ಅದೂ ಇಲ್ಲ" ಅಂದ.
ಇದನ್ನು ಸತ್ಯಪ್ರಮಾಣವೆಂದೇ ತಿಳಿಯಿರಿ.

ಕಾಲೇಜು ಹುಡುಗ ಫೋನಿನಲ್ಲಿ ಫೋಟೊ ಹುಡುಕಿ
ಎರಡು ಬೆರಳಲ್ಲಿ ಅಗಲ ಮಾಡಿ ಹಿಡಿದ:
ಹಣೆ, ಕನ್ನಡಕ, ಕೆನ್ನೆಯ ಮೇಲೆ ಕೂಸಿದ್ದಾಗ ಎಳೆದ ಗೀರು.
ಗೀರು ನೋಡಿದ ಕೆಲವರು
ಮುಖ ನೋಡುವುದನ್ನೇ ಬಿಟ್ಟರು.
ಲಮೀಸಾ, ಲೊಮೇಸಿ, ಅವಿಂಪೂಕೊ...
ಬಾಯಿಂದ ಬಾಯಿಗೆ ದಾಟುವಾಗ ಆ ಹೆಸರಿಗೆ
ಒಂದೊಂದೇ ಹಲ್ಲು ಬಿತ್ತು.

"ಲಾಮಿಸಿ."

ಕಟ್ಟಕಡೆಯ ಸೀಟಿನ ಮೂಲೆಯಿಂದ.
ಮಡಿಲಲ್ಲಿ ಸಿಲಾವರದ ಬೋಗುಣಿ, ತಲೆಯ ಮೇಲೆ ಸಿಂಬಿಯ ಬಟ್ಟೆ,
ದಿನವೆಲ್ಲ ಪರರ ಮೂಟೆ ಹೊತ್ತು ಕುತ್ತಿಗೆ ನೆಟ್ಟಗಾದ ಹುಡುಗಿ.
"ಗುರುವಾರ ಹುಟ್ಟಿದರೆ ನಮ್ಮ ಕಡೆ ಹಾಗನ್ತಾರೆ.
ನಮ್ಮ ಬೀದಿಯಲ್ಲೇ ನಾಲ್ಕು ಜನ ಲಾಮಿಸಿ.
ಒಬ್ಬಳು ಮೇಕೆ ಕದ್ದಳು."

ಪಾಸ್ಟರು ಹೇಳಿ ನೋಡಿದರು. ತಪ್ಪು.
ಹುಡುಗಿ ತಿದ್ದಿದಳು. ಮತ್ತೆ ತಪ್ಪು, ಮತ್ತೆ ತಿದ್ದಿದಳು.
ಮಾಮಿ ಬೊಟ್ವೆಗೆ ಒಂದೇ ಸಲಕ್ಕೆ ಬಂತು,
ಬಂದದ್ದಕ್ಕೆ ಅವಳೇ ನಾಚಿಕೊಂಡಳು.
ಮಲ್ಲಂ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತೊಂದು ಜನ
ಮೂಟೆ ಹೊರುವವಳ ಹಿಂದೆ ಹಿಂದೆ ಮಗ್ಗಿ ಹೇಳಿದ ಹಾಗೆ ಹೇಳಿದರು.
ಕೋಳಿಯೂ ಏನೋ ಅಂದಿತು.

ನಾನು ಹೇಳಲಿಲ್ಲ. ಹೇಳಬಹುದಿತ್ತು,
ಎಕೋ ಅಂದರೂ ಅದೇ, ಕಡಲಿನ ಕಡೆಯ ಗುರುವಾರ ಅಂತ.
ಗಾಳಿ ಜೋರಾಗಿತ್ತು.

ಅವಳು ಇಳಿಯುವಾಗ ಒಂದು ಸೀಡಿ ಕಡಿಮೆ ಕೊಟ್ಟಳು.
ಬೈಯುವುದು ನನ್ನ ಕಸುಬು.
ಎಣಿಸಿದ ಹಾಗೆ ಮಾಡಿ ಜೇಬಿಗಿಳಿಸಿದೆ.
ಬೋಗುಣಿ ತಲೆಗೇರಿತು, ಜನದ ಮೇಲೆ ಸ್ವಲ್ಪ ಹೊತ್ತು ಹೊಳೆಯಿತು.
ಒಳಗೆ ಮಾತು ಆಗಲೇ ಫುಟ್‌ಬಾಲಿಗೆ ಹೊರಳಿತ್ತು.

ಯಾರು ಗೆಲ್ಲುತ್ತಾರೋ ನನಗೆ ತಿಳಿಯದು.
ಡ್ರೈವರಿಗೆ ಮುಂದಿನ ದಾರಿ ಕಾಣುತ್ತದೆ.
ಬಾಗಿಲಲ್ಲಿ ನಿಂತವನಿಗೆ ಕಾಣುವುದು
ಚಪ್ಪಲಿ ಕೈಯಲ್ಲಿ ಹಿಡಿದು, ಕೂಗುತ್ತಾ,
ಗಾಡಿಯ ಹಿಂದೆ ಓಡಿ ಬರುವವರು.

ತಗಡಿನ ಮೇಲೆ ಬಡಿದೆ. ತಾಂದೊ ನಿಲ್ಲಿಸಲಿಲ್ಲ.
ಇನ್ನೊಮ್ಮೆ ಬಡಿದೆ.