ತಂತಿ ಕಿತ್ತ ಮೇಲೆ

ತವನಪ್ಪ ಕತ್ತಲಲ್ಲಿ ನಿಂತು ನಲವತ್ತು ಸಲ
'ಹಚ್ಚು' ಅಂದನಂತೆ.
ಅವನ ಮಾತು ಗೋಡೆಯ ಡಬ್ಬಿ ಹೊಕ್ಕು, ಅನಗೋಳ ದಾಟಿ,
ಗೋವಾವೇಸ್ ಹತ್ತಿರ ಗಟಾರಕ್ಕೆಂದು ತೋಡಿದ ತೆಗ್ಗಿನಲ್ಲಿ
ಜೆಸಿಬಿ ಹಲ್ಲಿಗೆ ಸಿಕ್ಕು ಹರಿದ ಕೇಬಲ್ಲಿನ ತುದಿಗೆ ಬಂದು
ಅಲ್ಲೇ ಕುಂತಿತ್ತು.
ಹೋಗಬೇಕಾದದ್ದು ಇನ್ನೂ ದೂರ:
ಕಡಲಾಚೆ, ಹೆಸರು ಗೊತ್ತಿಲ್ಲದ ಊರಿನ ತಣ್ಣನೆ ಕೋಣೆಗೆ.
ಅಲ್ಲಿಂದ ಅಪ್ಪಣೆ ಪಡೆದು ಬರಬೇಕಿತ್ತು
ಎರಡು ಮಾರು ಆಚೆಯ ಬಲ್ಬಿಗೆ.

'ಬಾಯಾರ, ಬಚ್ಚಲ ದೀಪ ಹಚ್ಚಾಕ
ಅಷ್ಟು ದೂರದವರನ್ನ ಯಾಕ ಕೇಳಬೇಕ್ರೀ?'
ಸಿಟ್ಟಿಲ್ಲದೆ ಕೇಳಿದ. ಅದೇ ಚುಚ್ಚಿತು.

ಉದ್ಯಮಬಾಗದ ಪವರ್ ಪ್ರೆಸ್ಸು
ಎರಡೂ ಕೈಯ ಬೆರಳು ಇಟ್ಟುಕೊಂಡು
ಅವನನ್ನು ಮನೆಗೆ ಕಳಿಸಿತ್ತು.
ಅದೇ ಶೆಡ್ಡಿನ ಗೋಡೆಯಾಚೆ ಕೂತು
ನಾನೇ ಮಾಡಿಕೊಟ್ಟ ಡಬ್ಬಿ ಅದು.
ನಕ್ಷೆಯ ಕೆಳಗೆ ನನ್ನದೇ ಸಹಿ.

ಮರುದಿನ ಮೊದಲು ಮಾಡಿದ ಕೆಲಸ:
ರೌಟರಿನ ತಂತಿ ಕಿತ್ತು ಕಪಾಟಿನಲ್ಲಿಟ್ಟು
ಕೀಲಿ ಬಾಬುಸಾಬರ ಕೈಗೆ ಕೊಟ್ಟದ್ದು.
ಇನ್ನು ಏನು ಕಲಿತರೂ ಈ ಡಬ್ಬಿ
ಮನೆಯೊಳಗೇ ಕಲಿಯಬೇಕು.

ಉಗುರಿನಗಲದ ಚಿಪ್ಪು.
ಲೋಕದ ಮಾತೆಲ್ಲ ಅದರಲ್ಲಿ ಹಿಡಿಯುವುದಿಲ್ಲ;
ಹಿಡಿದದ್ದು ಹನ್ನೊಂದು.
ಯಾವ ಹನ್ನೊಂದು?
ಆರಿಸುವುದರಲ್ಲೇ ಶ್ರಾವಣ ಕಳೆಯಿತು.
ಚಂಪಾಬಾಯಿ ಒಳಗಿನಿಂದಲೇ ಕೂಗಿದಳು:
'ಥ್ಯಾಂಕ್ಯೂ ಪ್ಲೀಜು ಎಲ್ಲಾ ತಗದ ಒಗೀರಿ,
ಬಾಗಿಲಾ ಇರಲಿ.'
ಹಚ್ಚು, ಆರಸು, ಬಾಗಿಲಾ, ಬಚ್ಚಲಾ, ನೀರು,
ಮಗಳು ಸಾಲೆಯಿಂದ ತಂದ 'ಬಸ್',
ಮತ್ತೆ, ತಪ್ಪಾದಾಗ ಹೇಳಲು, 'ಬ್ಯಾಡ'.
ನೆಗಡಿಯ ದನಿಯಲ್ಲಿ, ಕುಂದಾ ತುಂಬಿದ ಬಾಯಲ್ಲಿ
ಹೇಳಿಸಿ ಹೇಳಿಸಿ ಕಲಿಸಿದೆ.

ಕುಕ್ಕರಿನ ಸೀಟಿಯನ್ನು 'ಬಸ್' ಅಂತ ತಿಳಿದು
ಸೀಟಿಗೊಮ್ಮೆ ದೀಪ ಆರಿಸಿತು.
ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಚಂಪಾಬಾಯಿ
ಮೂರು ಕತ್ತಲೆ ಎಣಿಸಿ ಅನ್ನ ಇಳಿಸಿದಳು.
ಬಾಬುಸಾಬರು ವಾರವಿಡೀ ನನ್ನ ಕಂಡಾಗೆಲ್ಲ ಸೀಟಿ ಹೊಡೆದರು.

ಉಳಿದದ್ದು ಗಡಿಯಾರ.
ಗುಂಡಿಯಷ್ಟಗಲ ಸೆಲ್ಲಿನ ಮೇಲೆ ನಡೆವ ಅದು
ತಿಂಗಳಿಗೆ ಎರಡು ನಿಮಿಷ ಹಿಂದೆ ಬೀಳುತ್ತದೆ,
ತಿದ್ದಲು ಹೊರಗಿನವರಿಲ್ಲ.
ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆ;
ಊಟದ ಗಂಟೆ ತಡವಾದರೆ ತುತ್ತು ತಾಟಿನಲ್ಲೇ.
ವರ್ಷದ ಸಂಜೆಗಳನ್ನೆಲ್ಲ ಪಟ್ಟಿ ಮಾಡಿ ತುಂಬಿದ್ದೆ.
ಪಟ್ಟಿ ಸರಿಯಿತ್ತು, ಹೊತ್ತು ತಪ್ಪುತ್ತಿತ್ತು.

ತವನಪ್ಪನೇ ದಾರಿ ಕಂಡ.
ಫೌಂಡ್ರಿಯ ಎಂಟರ ಭೋಂಗಾ ಕೂಗಿದ ಕೂಡಲೇ
ಡಬ್ಬಿಯ ಬದಿಯಲ್ಲಿ ನಾನು ರಿಪೇರಿಗೆಂದು ಬಿಟ್ಟಿದ್ದ ಗುಂಡಿಯನ್ನು
ಮೊಣಕೈಯಿಂದ ಒತ್ತುತ್ತಾನೆ.
ಆ ಭೋಂಗಾದ ಹಿಂದೆ ಇಪ್ಪತ್ತೆರಡು ವರ್ಷ ಓಡಿದವ,
ಈಗ ಅದೇ ಅವನ ಮನೆಗೆ ಬಂದು
ಹೊತ್ತು ಕೊಟ್ಟು ಹೋಗುತ್ತದೆ.

ಮೊಣಕೈ!
ನಾನು ಎರಡು ವರ್ಷ ನೋಡಿಯೇ ಇರಲಿಲ್ಲ.
ಬೆರಳು ಹೋದವನಿಗೆ ದನಿಯೊಂದೇ ಉಳಿದಿದೆ ಅಂತ
ನಕ್ಷೆ ಬರೆದವಳು ನಾನು.
ಹೊಸ ನಕ್ಷೆಯಲ್ಲಿ ಪ್ರತಿ ದೀಪಕ್ಕೂ ಒಂದು ಗುಂಡಿ,
ಅಂಗೈ ಅಗಲ, ಸೊಂಟದ ಎತ್ತರ.
ಡಬ್ಬಿ ಮುನಿಸಿಕೊಂಡ ದಿನ
ಗುದ್ದಿಕೊಂಡು ಹೋದರೆ ಸಾಕು.

ಮೊನ್ನೆ ಗಾಳಿಗೆ ಕಂಬ ಬಿದ್ದು
ಅರ್ಧ ಊರಿಗೆ ನೆಟ್ ಇರಲಿಲ್ಲ.
ನಾಲ್ಕನೆಯ ದಿನ ಶೆಡ್ಡಿಗೆ ಬಂದವ
ಚಹಾ ಬಟ್ಟಲು ಎರಡು ಮಣಿಕಟ್ಟಿನ ನಡುವೆ ಹಿಡಿದು ಅಂದ:
'ನೆಟ್ ಹೋಗಿತ್ತಂತಲ್ರೀ. ನಮಗ ಗೊತ್ತಾಗಲೇ ಇಲ್ಲ.'

ಕುಕ್ಕರು ಮಾತ್ರ ಈಗಲೂ ಒಮ್ಮೊಮ್ಮೆ 'ಬಸ್' ಅನ್ನುತ್ತದೆ.
ದೀಪ ಕೇಳುತ್ತದೆ.