ನಾನೂರ ಹದಿಮೂರನೆಯ ಪದ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಟಯರ್ ಗೋದಾಮಿನ ಮೇಲ್ಮಹಡಿ.
ಸೋರುವ ಏಸಿಗೆ ಬಕೆಟ್, ನನ್ನ ಕಿವಿಗೆ ಹೆಡ್‌ಫೋನ್.
ಕಡಲಡಿಯ ರಾಜ್ಯವೊಂದರ ಧಾರಾವಾಹಿ;
ಅಲ್ಲಿನವರು ಆಡುವ ನುಡಿಗೆ ನಾನು ಕಾವಲು.
ಮನೆಯಲ್ಲಿ ನವಾಯತಿ, ಶಾಲೆಯಲ್ಲಿ ಕನ್ನಡ,
ಶಿರಾಲಿ ಹೈಸ್ಕೂಲಿನಲ್ಲಿ ಸಂಧಿಗೆ
ಹತ್ತಕ್ಕೆ ನಾಲ್ಕು ತೆಗೆದವಳು.

ನುಡಿ ಕಟ್ಟಿದವನು ಟಾರ್ಮೋ, ಎಸ್ಟೋನಿಯಾದವನು.
ನಾನೂರ ಹನ್ನೆರಡು ಪದ, ಹನ್ನೊಂದು ವಿಭಕ್ತಿ.
ಅವನ ತಾಯ್ನುಡಿಯಲ್ಲಿ ಹದಿನಾಲ್ಕಂತೆ,
ಮೂರು ಬಿಟ್ಟದ್ದು ನಟರ ಮೇಲಿನ ಕನಿಕರಕ್ಕೆ.
ನೀರಿನೊಳಗೆ ಎನ್ನಲು ಒಂದು ಪ್ರತ್ಯಯ, ನೀರಿನ ಮೇಲೆ ಎನ್ನಲು ಒಂದು,
ನೀರಿದ್ದು ಬತ್ತಿದ ಜಾಗಕ್ಕೆ ಇನ್ನೊಂದು.
ಕ್ರಿಯಾಪದ ಮೊದಲು, ಕರ್ತೃ ಕಟ್ಟಕಡೆಗೆ:
ಕೊಲೆ ಆಗಿಹೋಗಿರುತ್ತದೆ,
ಕೊಂದವರಾರೆಂದು ಆಮೇಲೆ.

ನಿನ್ನೆ ರಾಜ, ಕೈರೋದ ನಟ, ಒಳ್ಳೆಯ ಗಂಟಲು,
ಆಜ್ಞೆಯನ್ನು ಬೇಡಿಕೆಯ ಪ್ರತ್ಯಯದಲ್ಲಿ ಕೊಟ್ಟ.
ಕೆಂಪಿನಲ್ಲಿ ಬರೆದೆ: ದೊರೆ ಭಿಕ್ಷೆ ಬೇಡುತ್ತಿದ್ದಾರೆ, ಮತ್ತೆ ಆಡಿಸಿ.

ಎಂಟನೆಯ ಕಂತು, ಇಪ್ಪತ್ತೆರಡನೆಯ ನಿಮಿಷ.
ಗುಲಾಮರ ಗುಂಪು. ಸಜಾ ಕ್ಯಾಂಪಿನಿಂದ ಬಸ್ಸಿನಲ್ಲಿ ತಂದ
ಅರವತ್ತು ಜನ, ಮೈಗೆಲ್ಲ ನೀಲಿ ಬಣ್ಣ.
ಏನಾದರೂ ಗುಣುಗುತ್ತಿರಿ ಎಂದಿದ್ದರಂತೆ.
ಸರಪಳಿಯ ಸದ್ದು ಇಳಿಸಿದೆ, ನಗಾರಿ ಇಳಿಸಿದೆ,
ಕೆಳಗೆ, ತೀರ ಕೆಳಗೆ, ಸಿಕ್ಕಿತು:
‘ಊಟ್ಯಾವಾಗ್ಕೊಡ್ತಾರ್ಲೇ’.

ಹನ್ನೊಂದು ಸಲ ಕೇಳಿದೆ. ಮಾನ್ವಿಯೋ, ಸಿಂಧನೂರೋ.
ಊಟ, ಯಾವಾಗ: ಲೋಪಸಂಧಿಯೇ ಇರಬೇಕು.
ಮೇಷ್ಟ್ರು ಕೊಟ್ಟ ಉದಾಹರಣೆ ಯಾವುದೂ
ಹಸಿದಿರಲಿಲ್ಲ, ಅದಕ್ಕೇ ತಲೆಗೆ ಹತ್ತಿರಲಿಲ್ಲ.
ಕೊಡ್ತಾರ್: ಕರ್ತೃ ಕಾಣಿಸುವುದಿಲ್ಲ,
ಕೊನೆಯವರೆಗೆ ಕಾದರೂ.
ಲೇ: ಪಕ್ಕದಲ್ಲಿ ಕೂತವನಿಗೆ ಮಾತ್ರ.

ಟಾರ್ಮೋ ಕೇಳಿದ: ಇದು ನನ್ನದಲ್ಲ. ಚೆಂದವಿದೆ. ಅರ್ಥ?
ಅಳಿಸಿಬಿಡಬಹುದಿತ್ತು. ಬರೆದೆ:
ಪ್ರಾಚೀನ ರೂಪ. ಪ್ರಶ್ನಾರ್ಥಕ. ಕೇಳುವವರು ಬಹುವಚನ.
ಉತ್ತರ ಕೋಶದಲ್ಲಿ ಇನ್ನೂ ಸಿಕ್ಕಿಲ್ಲ.

ಎರಡನೆಯ ಸೀಸನ್ನಿನಲ್ಲಿ ರಾಜ
ಹವಳದ ಗದ್ದುಗೆಯಿಂದೆದ್ದು, ಕಿರೀಟ ತೆಗೆದು,
ಕಡಲದೇವತೆಯೆದುರು ಮೊಣಕಾಲೂರಿ
ಒಂದಕ್ಷರ ತಪ್ಪದೆ ಹೇಳುತ್ತಾನೆ:
ಊಟ್ಯಾವಾಗ್ಕೊಡ್ತಾರ್ಲೇ.
ಪರದೆಯಡಿ ಬಿಳಿ ಅಕ್ಷರ: ಅಲೆಗಳೇ ಸಾಕ್ಷಿ.

ಉಚ್ಚಾರ ಸರಿಯೆಂದು ಗುರುತು ಹಾಕಿದೆ.
ಲೇ ಎನ್ನುವಾಗ ಮಾತ್ರ ತುಸು ಎಳೆಯುತ್ತಾನೆ,
ಪಕ್ಕದಲ್ಲಿ ಯಾರೂ ಕೂತಿಲ್ಲದವನ ಹಾಗೆ.