ಷರಾ

ಕಚೇರಿಯಿಂದ ಬಂದ ನಮೂನೆಯಲ್ಲಿ ಒಂದೇ ಪ್ರಶ್ನೆ:
‘ಲಿನಕ್ಸ್ ಶಾಲೆಯ ದಿನಬಳಕೆಗೆ ಸಿದ್ಧವಿದೆಯೇ? ಹೌದು / ಇಲ್ಲ.’
ಪಕ್ಕದಲ್ಲಿ ಷರಾ ಎಂಬ ಕಾಲಂ,
ಹೆಬ್ಬೆಟ್ಟಿನಷ್ಟು ಅಗಲ.

ನಾನು ಗಣಿತದವಳು. ಬೀಗದ ಕೈ ನನ್ನ ಬಳಿ ಇತ್ತೆಂಬ ಅರ್ಹತೆಗೇ
ಕಂಪ್ಯೂಟರ್ ಕೋಣೆ ನನ್ನ ಪಾಲಿಗೆ ಬಂತು.
ಒಂಬತ್ತು ಯಂತ್ರ, ಯಾವುದೋ ಸಹಕಾರಿ ಬ್ಯಾಂಕು ಬೇಡವೆಂದು ಕೊಟ್ಟದ್ದು,
ಬೆನ್ನ ಮೇಲಿನ್ನೂ ‘ಕೌಂಟರ್ ೩’ ಎಂಬ ಚೀಟಿ.
ಹಾಜರಿ ಕೂಗಿ ಮುಗಿದರೂ ವಿಂಡೋಸ್ ಏಳುತ್ತಿರಲಿಲ್ಲ,
ಎದ್ದರೆ ಮೊದಲ ಮಾತೇ ಪರವಾನಗಿ ಎಲ್ಲಿ ಎಂದು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಇಮ್ದಾದ್
(ಹತ್ತನೇ ಕ್ಲಾಸಿನಲ್ಲಿ ನನ್ನಿಂದ ಎರಡು ಸಲ ಫೇಲಾದವನು)
ಶನಿವಾರ ಮಧ್ಯಾಹ್ನ ಬಂದ,
ಬೈಕಿನ ಕೀಗೊಂಚಲಿಗೇ ಕಟ್ಟಿದ್ದ ಪೆನ್‌ಡ್ರೈವು.
ಕೂಲಿ ಎರಡು ಬನ್ನು, ಒಂದು ಟೀ.
ಏಳು ಎದ್ದವು. ಏಳದ ಎರಡರ ಹೊಟ್ಟೆ ಬಗೆದು
ಎದ್ದವಕ್ಕೆ ಹಂಚಿದೆವು.

ಪರದೆಯ ಮೇಲೆ ಪೆಂಗ್ವಿನ್. ಮಕ್ಕಳು ಬಾತುಕೋಳಿ ಎಂದರು.
ತಿದ್ದಿದೆ. ತಲೆಯಾಡಿಸಿದರು.
ಮಾರನೆಯ ದಿನದಿಂದ ಅದು ಬಾತುಕೋಳಿ ರೂಮು.

ಭಾಷೆ ಯಾವುದು ಎಂದು ಕೇಳಿತು, ಕನ್ನಡ ಒತ್ತಿದೆವು.
‘ಮಿಸ್, ಕಡತ ಅಂದ್ರೆ?’
‘ಫೈಲು.’
‘ಮತ್ತೆ ಫೈಲು ಅಂತಲೇ ಹಾಕಬಾರದಾ?’
ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಮಕ್ಕಳಿಗೆ
ನಾನು ಏನು ಹೇಳಲಿ.

ತಸ್ಕೀನಳ ಅಪ್ಪ ರೀಲರು. ಆಕೆ ಒಂದು ಗುರುವಾರ
ಅಪ್ಪನ ಚೀಟಿ ತಂದು ಗೂಡಿನ ಲೆಕ್ಕ ತುಂಬಿದಳು,
ಲಾಟು, ಕೆಜಿ, ದರ.
ಯಂತ್ರ ಮೊತ್ತ ಹೇಳಿತು. ಆಕೆ ನಂಬಲಿಲ್ಲ,
ಬೆರಳು ಮಡಚಿ ತಾನೊಮ್ಮೆ ಕೂಡಿ
‘ಸರಿಯಾಗೇ ಮಾಡೈತೆ ಮಿಸ್’ ಎಂದು ಪಾಸು ಮಾಡಿದಳು.

ಪ್ರಿಂಟರು ಮಾತ್ರ ಇವತ್ತಿಗೂ ಕಿವುಡು.
ಹೆಡ್‌ಮಾಸ್ಟರು ವೆಂಕಟರವಣಪ್ಪನವರ ಹಳೆಯ ಪತ್ರಗಳು
ತೆರೆದರೆ ಕನ್ನಡವೇ ಅಲ್ಲ, ಕಾಲು ಮುರಿದ ಇಂಗ್ಲಿಷು,
ತಲೆಯ ಮೇಲೆ ಕೊಂಬು, ಬಾಲ.
ವಿದ್ಯಾರ್ಥಿವೇತನದ ಅರ್ಜಿ ಅರ್ಧಕ್ಕೆ ನಿಂತು ನಮ್ಮನ್ನೇ ನೋಡುತ್ತದೆ.
‘ಬಿಟ್ಟಿ ಸಿಕ್ಕಿದ್ದು ಇಷ್ಟೇ ಕಣಮ್ಮ’ ಎಂದರು ಅವರು.
ಬಿಟ್ಟಿ ಎಂಬ ಮಾತು ನೆಟ್ಟಿತು.
ಬಿಟ್ಟಿ ಪುಸ್ತಕ, ಬಿಟ್ಟಿ ಊಟ, ಬಿಟ್ಟಿ ಸೈಕಲ್ಲು ಎಂದು
ಕೇಳುತ್ತಲೇ ಬೆಳೆದ ಮಕ್ಕಳು ಬಾಗಿಲಲ್ಲೇ ನಿಂತಿದ್ದರು.
ಆ ಸಂಜೆ ಪ್ರಿಂಟರಿನ ಮುಂದೆ ಎಂಟರವರೆಗೆ ಕೂತೆ,
ಕನ್ನಡದ ಬೈಗುಳ ಸಾಲದೆ ತೆಲುಗಿಗೆ ಹೋದೆ.

ಮುನಿರತ್ನ ನಾಲ್ಕು ದಿನ ಬರಲಿಲ್ಲ. ಹುಡುಕಿಕೊಂಡು ಹೋದೆ.
ಹುಳುಮನೆಯಲ್ಲಿದ್ದಳು, ಚಂದ್ರಿಕೆಗಳ ಮಧ್ಯೆ,
ಒಂದು ಹುಳ ಎತ್ತಿ ಬೆಳಕಿಗೆ ಹಿಡಿದಳು.
‘ನೋಡಿ ಮಿಸ್, ಮೈ ತಿಳಿಯಾಗಿದೆ, ಇದು ಹಣ್ಣು.
ಇದಿನ್ನೂ ಹಸಿರು, ಸೊಪ್ಪು ಕೇಳ್ತದೆ.’
ಎಲ್ಲ ಒಟ್ಟಿಗೆ ಹಣ್ಣಾಗಲ್ವೇನೇ?
‘ಒಂದೇ ದಿನ ಒಡೆದ ಮೊಟ್ಟೆಯಾದ್ರೂ ಆಗಲ್ಲ.
ಆತುರ ಬಿದ್ದು ಹಸೀದನ್ನ ಹಾಕಿದ್ರೆ
ಉಚ್ಚೆ ಹೊಯ್ದು ಪಕ್ಕದ ಗೂಡೂ ಕೆಡಿಸ್ತದೆ.’
ನನಗೆ ಪಾಠ ಹೇಳುತ್ತಿದ್ದೇನೆಂಬ ಅರಿವೂ ಇಲ್ಲದೆ
ಹಣ್ಣನ್ನು ಚಂದ್ರಿಕೆಗೆ, ಉಳಿದವಕ್ಕೆ ಇನ್ನೊಂದು ಹಿಡಿ ಸೊಪ್ಪು.

ನಮೂನೆಯ ಫೈಲು ನಮ್ಮ ಯಾವ ಯಂತ್ರದಲ್ಲೂ ತೆರೆಯಲಿಲ್ಲ.
ಇಮ್ದಾದನ ಅಂಗಡಿಗೆ ಹೋಗಿ ತುಂಬಿದೆ.
ಬೇಡವೆಂದರೂ ಹತ್ತು ರೂಪಾಯಿ ಕೊಟ್ಟೆ.
ಹೌದು ಬಿಟ್ಟೆ, ಇಲ್ಲ ಬಿಟ್ಟೆ. ಷರಾದಲ್ಲಿ ಬರೆದೆ:
‘ಲೆಕ್ಕ, ಬರಹ ಹಣ್ಣು. ಉಳಿದದ್ದಕ್ಕೆ ಸೊಪ್ಪು ಹಾಕು’
ಅಷ್ಟಕ್ಕೇ ಕಾಲಂ ಮುಗಿಯಿತು,
‘ತ್ತಿದ್ದೇವೆ’ ಹೊರಗೇ ಉಳಿಯಿತು.

ಸೋಮವಾರ ಗುಮಾಸ್ತರ ಫೋನು:
‘ಸೊಪ್ಪು ಯಾರು ಹಾಕಬೇಕು ಮೇಡಂ? ಹೌದೋ, ಇಲ್ಲವೋ, ಅಷ್ಟು ಹೇಳಿ.’
ಫೋನು ಕಿವಿಗೊತ್ತಿಕೊಂಡೇ ಬೀಗ ತೆಗೆದೆ.
ಒಂಬತ್ತನೇ ಬಿ ಬಾಗಿಲಲ್ಲಿ
ಚಪ್ಪಲಿ ಬಿಡುತ್ತಿತ್ತು, ನೂಕಾಡುತ್ತಾ.